ಗ್ಯಾಸ್ಕೆಟ್ ಯಾಕೆ ಸುಟ್ಟಿತು?

2023ರ ಜುಲೈ ತಿಂಗಳನ್ನು ಕೋಲಾರದವರು ಯಾರೂ ಮರೆಯುವುದಿಲ್ಲ. ಎಪಿಎಂಸಿಯಲ್ಲಿ 15 ಕೆ.ಜಿ.ಯ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಬೆಂಗಳೂರಿನಲ್ಲಿ ಟೊಮೆಟೊ ತುಂಬಿದ ಗಾಡಿಯನ್ನೇ ಅಡ್ಡಗಟ್ಟಿ ಕದ್ದೊಯ್ದ ಸುದ್ದಿ ಬಂದದ್ದೂ ಆಗಲೇ. ಅಂಥ ದಿನಗಳಲ್ಲಿ ಒಂದು ರಾತ್ರಿ ನಮ್ಮಣ್ಣ ತನ್ನ ಪಿಕಪ್‌ಗೆ ನೂರು ಬಾಕ್ಸ್ ಏರಿಸಿಕೊಂಡು ಚೆನ್ನೈನ ಕೋಯಂಬೇಡು ಮಾರುಕಟ್ಟೆಗೆ ಹೊರಟ. ಜೊತೆಗೆ ನಾನೂ ಹೋದೆ. ಬೆನ್ನ ಹಿಂದೆ ಒಂದೂವರೆ ಟನ್ ಹಣ್ಣು. ಅಂದಿನ ರೇಟಿನಲ್ಲಿ ಎರಡು ಲಕ್ಷಕ್ಕೂ ಮೇಲಿನ ಮಾಲು, ಅದೂ ಬೇರೆಯವರದು.

ಗಾಡಿ ಸೆಕೆಂಡ್ ಹ್ಯಾಂಡ್. ಕೊಂಡ ಸ್ವಲ್ಪ ದಿನಕ್ಕೇ ಇಂಜಿನ್ ಹೀಟ್ ಆಗಿ, ಒಂದು ಗ್ಯಾರೇಜಿನವರು ಇಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಕೂರುವ ಹೆಡ್ ಗ್ಯಾಸ್ಕೆಟ್ ಬದಲಾಯಿಸಿ ಕೊಟ್ಟಿದ್ದರು. ಆಮೇಲೂ ಚಿತ್ತೂರಿನಿಂದ ಪಲಮನೇರಿಗೆ ವಾಪಸು ಬರುತ್ತಾ ಮೊಗಿಲಿ ಘಾಟ್ ಹತ್ತುವಾಗೆಲ್ಲ ಟೆಂಪರೇಚರ್ ಮೀಟರಿನ ಮುಳ್ಳು ಮೇಲಕ್ಕೇಳುತ್ತಿತ್ತು. ಕೇಳಿದರೆ, "ಏರಲ್ವಾ, ಅಷ್ಟು ಬಿಸಿ ಆಗೇ ಆಗುತ್ತೆ" ಎಂಬ ಉತ್ತರ.

ಆ ರಾತ್ರಿ ಮುಳಬಾಗಿಲು ದಾಟಿ ನಂಗಲಿ ಸಮೀಪಿಸಿದಾಗ, ಏರೇ ಇಲ್ಲದ ರಸ್ತೆಯಲ್ಲಿ ಮುಳ್ಳು ಕೆಂಪು ಗೆರೆ ಮುಟ್ಟಿತು. ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ. ಅಣ್ಣ ಗಾಡಿಯನ್ನು ಪಕ್ಕಕ್ಕೆ ತಂದು ತಕ್ಷಣ ಆಫ್ ಮಾಡಿದ. ಟೀ ಅಂಗಡಿಯ ಹುಡುಗ ಕೊಡದಲ್ಲಿ ನೀರು ತಂದವನೇ ರೇಡಿಯೇಟರ್ ಕ್ಯಾಪಿಗೆ ಕೈ ಹಾಕಿದ. ಅಣ್ಣ ಅವನನ್ನು ಹಿಂದಕ್ಕೆಳೆದ. ಆ ಕ್ಯಾಪ್ ಉರಿವ ಒಲೆಯ ಮೇಲಿನ ಕುಕ್ಕರ್ ಮುಚ್ಚಳದಂಥದ್ದು. ಒಳಗಿನ ಒತ್ತಡಕ್ಕೆ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ. ಕ್ಯಾಪ್ ಸಡಿಲವಾದರೆ ಸಾಕು, ಆವಿಯಾಗಿ ಮುಖಕ್ಕೆ ನುಗ್ಗುತ್ತದೆ.

ಗಾಡಿಯ ಕಥೆ ಬೆಳಿಗ್ಗೆ ನೋಡೋಣ, ಮೊದಲು ಮಾಲು ಮುಟ್ಟಬೇಕು ಎಂದ ಅಣ್ಣ. ರಸ್ತೆಯಲ್ಲಿ ನಿಂತು ಕೈ ಅಡ್ಡ ಹಿಡಿಯುತ್ತಾ ಹೋದೆವು. ಕೊನೆಗೆ ಪಲಮನೇರಿನ ಕಡೆಯ ಖಾಲಿ ಗಾಡಿಯೊಂದು ನಿಂತಿತು. ಡ್ರೈವರ್ ತೆಲುಗಿನವರು. ಅವಸರ ಕಂಡು ಹೆಚ್ಚು ಬಾಡಿಗೆ ಕೇಳಬಹುದಿತ್ತು, ಕೇಳಲಿಲ್ಲ. ನಮ್ಮೊಂದಿಗೆ ತಾವೂ ಬಾಕ್ಸ್ ಹೊತ್ತರು. ಟೀ ಅಂಗಡಿಯವರೂ ಕೈಜೋಡಿಸಿದರು. ಹಣ್ಣು ಹೊತ್ತಿಗೆ ಸರಿಯಾಗಿ ಕೋಯಂಬೇಡು ಸೇರಿತು. ಅವರ ಋಣ ನಮ್ಮ ಮೇಲೆ ಇನ್ನೂ ಇದೆ.

ಬೆಳಿಗ್ಗೆ ಗಾಡಿಯನ್ನು ಮುಳಬಾಗಿಲಿಗೆ ಎಳೆಸಿಕೊಂಡು ಬಂದೆವು. ಅಲ್ಲಿ ಎಲ್ಲರೂ 'ಭಾಯ್' ಎಂದೇ ಕರೆಯುವ ಹಿರಿಯ ಮೆಕ್ಯಾನಿಕ್ ಇದ್ದರು. ತಣ್ಣಗಾಗಿದ್ದ ಇಂಜಿನ್ನಿಗೆ ನೀರು ತುಂಬಿ, ಕ್ಯಾಪ್ ತೆಗೆದಿಟ್ಟೇ ಸ್ಟಾರ್ಟ್ ಮಾಡಿಸಿದರು. ನೀರಿನಲ್ಲಿ ಗುಳ್ಳೆ ಏಳತೊಡಗಿತು. ಸಿಲಿಂಡರಿನ ಗ್ಯಾಸ್ ನೀರಿನ ದಾರಿಗೆ ನುಗ್ಗುತ್ತಿದೆ ಎಂದು ಅದರರ್ಥ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ನೀರು ಬೆರೆತು ಬೆಳ್ಳಗಾಗಿತ್ತು.

"ಮತ್ತೆ ಗ್ಯಾಸ್ಕೆಟ್ಟೇನಾ ಭಾಯ್?" ಅಣ್ಣನ ದನಿ ಒಡೆದಿತ್ತು.

"ಗ್ಯಾಸ್ಕೆಟ್ ಸುಟ್ಟಿರೋದು ನಂಗೂ ಕಾಣ್ತೈತಪ್ಪ. ಯಾಕೆ ಸುಟ್ಟಿತು ಅಂತ ಹುಡುಕಬೇಕು. ಅದು ಸಿಗೋವರೆಗೂ ಇಂಜಿನ್ ಮುಚ್ಚಲ್ಲ."

ಹೆಡ್ ಬಿಚ್ಚಿದರು. ಎರಡು ಸಿಲಿಂಡರುಗಳ ನಡುವೆ ಗ್ಯಾಸ್ಕೆಟ್ ಕರಕಾಗಿತ್ತು. ಹೆಡ್ಡಿನ ಮೇಲೆ ನೇರ ಪಟ್ಟಿ ಇಟ್ಟು, ಸಂದಿಯಲ್ಲಿ ಫೀಲರ್ ಗೇಜ್ ತೂರಿಸಿದರು. ತೂರಬಾರದ ಕಡೆ ತೂರಿತು. ಮೊದಲ ಸಲ ಹೀಟ್ ಆದಾಗಲೇ ಹೆಡ್ ಬೆಂಡ್ ಆಗಿರಬೇಕು, ಅದನ್ನು ಮಟ್ಟ ಮಾಡುವ ಫೇಸಿಂಗ್ ಮಾಡಿಸದೆ ಹೊಸ ಗ್ಯಾಸ್ಕೆಟ್ ಕೂರಿಸಿದ್ದಾರೆ ಎಂದರು.

ಮುಂದೆ ಥರ್ಮೋಸ್ಟಾಟ್ ಇರಬೇಕಾದ ಜಾಗ ಬಿಚ್ಚಿದರೆ ಅದು ಖಾಲಿ. ಬಿಸಿಲಿನ ನಾಡಿಗೆ ಇದು ಬೇಡವೆಂದು ಕಿತ್ತುಹಾಕುವ ರೂಢಿ ಎಷ್ಟೋ ಕಡೆ ಇದೆ. ಭಾಯ್ ನಮ್ಮನ್ನು ಕೂರಿಸಿಕೊಂಡು ತಿಳಿಸಿದರು. ಇಂಜಿನ್ ತಣ್ಣಗಿದ್ದಾಗ ನೀರು ಬೈಪಾಸ್ ದಾರಿಯಲ್ಲಿ ಇಂಜಿನ್ನಿನೊಳಗೇ ಸುತ್ತುತ್ತದೆ. 80 ಡಿಗ್ರಿ ದಾಟಿದ ಮೇಲೆ ಥರ್ಮೋಸ್ಟಾಟ್ ತೆರೆದು ರೇಡಿಯೇಟರಿನ ದಾರಿ ಬಿಡುತ್ತದೆ, ಇಂಥ ಇಂಜಿನ್ನುಗಳಲ್ಲಿ ಅದೇ ಹೊತ್ತಿಗೆ ಬೈಪಾಸನ್ನೂ ಮುಚ್ಚುತ್ತದೆ. ಅದನ್ನೇ ಕಿತ್ತರೆ ಬೈಪಾಸ್ ಸದಾ ತೆರೆದಿರುತ್ತದೆ, ಕಾದ ನೀರಿನ ಒಂದು ಪಾಲು ತಣಿಯದೆಯೇ ಮತ್ತೆ ಇಂಜಿನ್ನಿಗೆ ಮರಳುತ್ತದೆ.

ಕೊನೆಗೆ ರೇಡಿಯೇಟರ್. ಕಳಚಿ ಎತ್ತಿದವರೇ "ಇಷ್ಟು ಭಾರ ಇರಬಾರದು" ಎಂದರು. ಮೇಲಿಂದ ನೀರು ಹೊಯ್ದರೆ ಕೆಳಗೆ ಸಣ್ಣ ಎಳೆಯಾಗಿ ಬಂತು. ಟ್ಯಾಂಕ್ ಬಿಚ್ಚಿಸಿದಾಗ ಕೊಳವೆಗಳ ಬಾಯಿಯಲ್ಲಿ ಬಿಳಿ ಗಟ್ಟಿ ಪದರ. ಹಿಂದಿನ ಮಾಲೀಕರು ವರ್ಷಗಟ್ಟಲೆ ಬರೀ ಬೋರ್‌ವೆಲ್ ನೀರು ಹಾಕಿದ್ದರು. ಸಾವಿರ ಅಡಿ ಕೊರೆದು ತೆಗೆಯುವ ನಮ್ಮ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೇರಳ. ಕಾದಾಗ ಅವು ಕಲ್ಲಾಗಿ ಕೂರುತ್ತವೆ. ಕೋಲಾರದ ಮನೆಗಳಲ್ಲಿ ನೀರು ಕಾಯಿಸುವ ಪಾತ್ರೆಯ ತಳ ನೋಡಿದವರಿಗೆ ಇದು ಹೊಸದಲ್ಲ.

ಕಾರಣ ಸಿಕ್ಕ ಮೇಲೆ ಕೆಲಸ ಶುರುವಾಯಿತು. ಹೆಡ್ ಫೇಸಿಂಗ್‌ಗೆ ಲೇತ್‌ಗೆ ಹೋಯಿತು. ರೇಡಿಯೇಟರಿಗೆ ಹೊಸ ಕೋರ್, ಖಾಲಿ ಜಾಗಕ್ಕೆ ಥರ್ಮೋಸ್ಟಾಟ್, ಹೊಸ ಕ್ಯಾಪ್ ಬಂದವು. ಕೆಟ್ಟ ಆಯಿಲ್ ಪೂರ್ತಿ ಇಳಿಸಿ ತೊಳೆದರು. ಹೆಡ್ ಬೋಲ್ಟುಗಳನ್ನು ನಡುವಿನಿಂದ ಆರಂಭಿಸಿ ಅಂಚಿನ ಕಡೆಗೆ, ಟಾರ್ಕ್ ರೆಂಚಿನಲ್ಲಿ ಹಂತಹಂತವಾಗಿ ಬಿಗಿದರು. ಬೋರ್‌ವೆಲ್ ನೀರಿನ ಬದಲು ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲೆಂಟ್ ತುಂಬಿದರು.

ಅಲ್ಲಿಂದೀಚೆಗೆ ಮೊಗಿಲಿ ಘಾಟನ್ನು ಲೋಡ್ ಸಮೇತ ಹತ್ತಿದರೂ ಮುಳ್ಳು ಅರ್ಧ ದಾಟಿಲ್ಲ. ಆ ಗಾಡಿಯನ್ನೇ ನಂಬಿ ಅಣ್ಣನ ಮನೆ ನಡೆಯುತ್ತದೆ, ಅದಕ್ಕೇ ಇದನ್ನು ಕೇಳಿದವರಿಗೆಲ್ಲ ಹೇಳುತ್ತೇನೆ. ಸುಟ್ಟ ಗ್ಯಾಸ್ಕೆಟ್ ಬದಲಾಯಿಸಿದರೆ ರಿಪೇರಿಯ ಅರ್ಧ ಮಾತ್ರ ಮುಗಿಯುತ್ತದೆ. ಗ್ಯಾರೇಜಿನಲ್ಲಿ ದುಡ್ಡು ಎಣಿಸುವ ಮುಂಚೆ ಭಾಯ್ ಕೇಳಿದ ಪ್ರಶ್ನೆಯನ್ನು ನೀವೂ ಕೇಳಿ. ಅದು ಯಾಕೆ ಸುಟ್ಟಿತು ಎಂದು ತೋರಿಸುವವರ ಕೈಗೆ ಮಾತ್ರ ನಿಮ್ಮ ಗಾಡಿ ಕೊಡಿ.