ಖಾಲಿ ಆಟೋದ ಫೋಟೋ



ಮೂರು ತಿಂಗಳಿಂದ ಬರೀಬೇಕು ಅಂದ್ಕೊಂಡು ಮುಂದಕ್ಕೆ ಹಾಕ್ತಾ ಬಂದಿದ್ದ ವಿಷಯ ಇದು. ಸಾವಿರ ರೂಪಾಯಿ ದಂಡದ ಕಥೆ. ಸಾವಿರ ರೂಪಾಯಿಗೆ ಇಷ್ಟುದ್ದ ಪೋಸ್ಟಾ ಅಂತ ಕೇಳೋರು ಕೇಳ್ಲಿ, ಸ್ಟೇಷನ್ನಲ್ಲೂ ಅದನ್ನೇ ಕೇಳಿದ್ರು.

2025ರ ಜುಲೈ, ಒಂದು ಬೆಳಗ್ಗೆ ಏಳೂಕಾಲು. ಅವ್ವ ಟೀ ಲೋಟ ಎತ್ತೋಕೆ ಹೋದ್ಲು, ಕೈಯಿಂದ ಜಾರಿ ಬಿತ್ತು. ಲೋಟ ಬಿದ್ರೆ ಲೋಟಕ್ಕೇ ಬಯ್ಯೋಳು ಅವಳು. ಅವತ್ತು ಮಾತೇ ಬರ್ಲಿಲ್ಲ. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು, ಬಲಗೈ ಸೋತು ನೇತಾಡ್ತಿತ್ತು. ನೋಡಿದ ತಕ್ಷಣ ಗೊತ್ತಾಯ್ತು, ಲಕ್ವ. ಅಪ್ಪನಿಗೂ ಹಿಂಗೇ ಆಗಿತ್ತು. ಆಗ ನಾವು ಊರಲ್ಲಿದ್ವಿ, ಎಣ್ಣೆ ತಿಕ್ಕಿಸಿ, ನಾಟಿ ಔಷಧಿ ಕೊಡಿಸಿ ಎರಡು ದಿನ ಕಳೆದ್ವಿ. ಮೂರನೇ ದಿನ ಆಸ್ಪತ್ರೆಗೆ ಹೋದಾಗ ಡಾಕ್ಟರು ಹೇಳಿದ್ದು ಇನ್ನೂ ಕಿವೀಲಿದೆ. ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆ, ಆದರೆ ಶುರುವಾದ ನಾಲ್ಕೂವರೆ ಗಂಟೆ ಒಳಗೆ ಕೊಡಬೇಕು, ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು. ಅಪ್ಪ ಆಮೇಲೆ ಆರು ವರ್ಷ ಮಂಚದ ಮೇಲೇ ಇದ್ದರು.

ಆಂಬುಲೆನ್ಸ್‌ಗೆ ಫೋನ್ ಮಾಡಿದೆ. ಇಪ್ಪತ್ತೈದು ನಿಮಿಷ ಆಗುತ್ತೆ ಅಂದ್ರು. ಬಂದರೂ ನಮ್ಮ ಕೇರಿ ಗಲ್ಲಿಯೊಳಕ್ಕೆ ಆ ಗಾಡಿ ನುಗ್ಗಲ್ಲ, ಮೇನ್ ರೋಡಿನ ತನಕ ಹೊತ್ಕೊಂಡೇ ಹೋಗ್ಬೇಕು. ಅಷ್ಟರಲ್ಲಿ ಎದುರು ಮನೆ ಹುಡುಗ ಆಟೋ ಒರೆಸ್ತಾ ಇದ್ದೋನು ನಮ್ಮ ಮನೆ ಗಲಾಟೆ ಕೇಳಿ ಒಳಗೆ ಬಂದ. ಹೆಸರು ಹಾಕ್ಬೇಡಿ ಅಣ್ಣ ಅಂದಿದ್ದಾನೆ, ಹಾಗಾಗಿ ಇಲ್ಲಿ ಅವನು ಬರೀ ತಮ್ಮ. ಸಾಲದ ಮೇಲೆ ತಗೊಂಡ ಆಟೋ, ಕಂತು ಇನ್ನೂ ನಡೀತಿದೆ. ಒಂದು ಮಾತು ಕೇಳ್ಲಿಲ್ಲ ಅವನು. "ದೊಡ್ಡವ್ವನ್ನ ಎತ್ಕೊಳಣ್ಣ" ಅಂದ, ಅಷ್ಟೇ.

ನಗರದ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಒಂದು. ಗೇಟಿನಲ್ಲಿ ಸೆಕ್ಯೂರಿಟಿ ತಡೆದ. "ಆಟೋ ಒಳಗೆ ಬಿಡಲ್ಲ." ಪೇಷೆಂಟ್ ಇದ್ದಾರೆ ಅಂದೆ. "ಇಳ್ಸಿ ಕರ್ಕೊಂಡ್ ಹೋಗಿ." ನಡೆಯೋಕಾಗಲ್ಲ ಅಂದೆ. "ಸ್ಟ್ರೆಚರ್ ಒಳಗಿದೆ, ಹೋಗಿ ತಗೊಂಬನ್ನಿ." ನಾವು ಮಾತಾಡ್ತಾ ಇರೋವಾಗಲೇ ಎರಡು ಕಾರು ಒಳಗೆ ಹೋದ್ವು, ಬಾರು ಎತ್ತಿ ಸಲಾಂ ಹೊಡೆದ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಗುತ್ತಿಗೆ ಕೆಲಸ, ಹನ್ನೆರಡು ಗಂಟೆ ನಿಂತ್ಕೋಬೇಕು, ಅವನೂ ನಮ್ಮಂಥ ಯಾವುದೋ ಕೇರಿಯಿಂದಲೇ ಬಂದಿರ್ತಾನೆ. ಯಾರನ್ನ ಬಿಡಬೇಕು ಯಾರನ್ನ ಬಿಡಬಾರದು ಅಂತ ಅವನಿಗೆ ಹೇಳಿಕೊಟ್ಟೋರು ಬೇರೆ ಎಲ್ಲೋ ಕೂತಿದ್ದಾರೆ.

ತಮ್ಮ ಆಟೋನ ಕಾಂಪೌಂಡ್ ಪಕ್ಕಕ್ಕೆ ಒತ್ತಿ ನಿಲ್ಸಿದ. ಅಲ್ಲಿ ನೋ ಪಾರ್ಕಿಂಗ್ ಬೋರ್ಡ್ ಇತ್ತು. ಇರಲಿಲ್ಲ ಅಂತ ನಾನು ಹೇಳಲ್ಲ. ಇಬ್ಬರೂ ಅವ್ವನ್ನ ಕೈಜೋಡಿಸಿ ಎತ್ಕೊಂಡು ಓಡಿದ್ವಿ. ಕ್ಯಾಶುಯಲ್ಟಿಯಲ್ಲಿ ನಾನು ಅವಳ ತಲೆ ಹಿಡ್ಕೊಂಡು ನಿಂತೆ. ಚೀಟಿ ಮಾಡಿಸೋ ಸಾಲಿನಲ್ಲಿ ಅವನು ನಿಂತ. ಚೀಟಿ ಮೇಲೆ ಬಿದ್ದ ಸಮಯ 8:04. ಆಮೇಲೆ ಸ್ಕ್ಯಾನ್‌ಗೆ ಇನ್ನೊಂದು ಸಾಲು, ರಕ್ತದ ಸ್ಯಾಂಪಲ್ ತಗೊಂಡು ಪಕ್ಕದ ಕಟ್ಟಡಕ್ಕೆ ಓಡೋದು, ಅದೂ ಅವನೇ. ಇಂಜೆಕ್ಷನ್ ಬಿದ್ದಿದ್ದು ಹತ್ತೂಕಾಲಿಗೆ. ಮೂರು ಗಂಟೆ. ಅವ್ವ ಈಗ ಕೋಲು ಹಿಡ್ಕೊಂಡು ನಡೀತಾಳೆ, ಮಾತು ಸ್ವಲ್ಪ ತೊದಲುತ್ತೆ, ಬೈಗುಳ ಮಾತ್ರ ಸ್ಪಷ್ಟವಾಗಿ ಬರುತ್ತೆ.

ಎರಡು ದಿನ ಬಿಟ್ಟು ತಮ್ಮನ ಮೊಬೈಲಿಗೆ ಮೆಸೇಜು. ನೋ ಪಾರ್ಕಿಂಗ್, ಸಾವಿರ ರೂಪಾಯಿ. ಜೊತೆಗೆ ಫೋಟೋ, ಬೋರ್ಡ್ ಕೆಳಗೆ ಅವನ ಆಟೋ, ನಂಬರ್ ಪ್ಲೇಟ್ ಚೆನ್ನಾಗಿ ಕಾಣೋ ಹಾಗೆ. ಸಮಯ 8:21. ಅವನು ನನಗೆ ಹೇಳಲೇ ಇಲ್ಲ. ಅವ್ವನ್ನ ನೋಡೋಕೆ ಬಂದಿದ್ದ ಅವನ ಹೆಂಡತಿ ಬಾಯಿ ತಪ್ಪಿ ಅಂದಿದ್ದಕ್ಕೆ ಗೊತ್ತಾಯ್ತು.

ನಾನು ಕಟ್ತೀನಿ ಅಂದೆ, ಬೇಡ ಅಂದ. ಹಾಗಾದ್ರೆ ಯಾರೂ ಕಟ್ಟೋದು ಬೇಡ, ಹೋಗಿ ಕೇಳೋಣ ಅಂದೆ. ಆಸ್ಪತ್ರೆ ಚೀಟಿ ಇದೆ, ಸಮಯ ಇದೆ, ತೋರಿಸಿದ್ರೆ ತೆಗೀತಾರೆ ಅಂತ ನನ್ನ ನಂಬಿಕೆ. ಇಪ್ಪತ್ತು ವರ್ಷ ಧರಣಿ ಕೂತೋನಿಗೂ ಇಂಥ ನಂಬಿಕೆಗಳು ಉಳ್ಕೊಂಡಿರ್ತವೆ ನೋಡಿ.

ಸ್ಟೇಷನ್ನಿಗೆ ಹೋದ್ವಿ. ನಾನು ಇಸ್ತ್ರಿ ಶರ್ಟು, ಕನ್ನಡಕ, ಕೈಯಲ್ಲಿ ಫೈಲು. ಅವನು ಖಾಕಿ. ಮೇಜಿನ ಮುಂದೆ ಇದ್ದಿದ್ದು ಒಂದೇ ಕುರ್ಚಿ. "ಬನ್ನಿ ಸರ್, ಕೂತ್ಕೊಳ್ಳಿ" ಅಂದ್ರು ನನಗೆ. ವಿಷಯ ಹೇಳಿದೆ. ಅವರು ಅವನ ಕಡೆ ತಿರುಗಿ, "ಏನೋ, ಆಟೋ ಬಿಟ್ಟು ಎಲ್ಲೋಗಿದ್ದೆ? ಎಣ್ಣೆ ಹಾಕ್ಕೊಂಡು ಎಲ್ಲಾದ್ರೂ ಮಲ್ಗಿದ್ಯಾ?" ಅಂದ್ರು. ಬೆಳಗ್ಗೆ ಎಂಟೂಕಾಲಿಗೆ. ಪಕ್ಕದಲ್ಲಿದ್ದ ಇನ್ನೊಬ್ಬರು ನಕ್ಕರು. ತಮ್ಮನೂ ನಕ್ಕ. ಪೊಲೀಸರು ನಕ್ಕಾಗ ನಾವು ನಗಬೇಕು, ಇಲ್ಲದಿದ್ರೆ ಮುಂದಿನ ಮಾತು ಬೇರೆ ಥರ ಇರುತ್ತೆ ಅಂತ ನಮ್ಮ ಹುಡುಗರಿಗೆ ಯಾರೂ ಕಲಿಸೋದು ಬೇಕಿಲ್ಲ.

ನಾನು ಎದ್ದು ನಿಂತೆ. ಅವರನ್ನ ನೀವು ಅಂತ ಮಾತಾಡಿಸಿ ಅಂದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ನಿಮ್ಮ ಮನೆ ಎಲ್ಲಿ?" ಅಂದ್ರು. ಕಾಲೋನಿ ಹೆಸರು ಹೇಳಿದೆ. ಅಲ್ಲಿಂದ ಮುಂದೆ "ಸರ್" ನಿಂತುಹೋಯ್ತು. ನೀವು ಹೋಗಿ ನೀನು ಆಗ್ಲಿಲ್ಲ, ಅಷ್ಟರಮಟ್ಟಿಗೆ ಕನ್ನಡಕ ಕಾಪಾಡ್ತು.

"ಸಾವಿರ ರೂಪಾಯಿಗೆ ಕೋರ್ಟಿಗೆ ಹೋಗ್ತೀರಾ? ಅಲ್ಲಿ ಜಾಸ್ತಿ ಹಾಕ್ತಾರೆ" ಅಂದ್ರು ಕೊನೆಗೆ.

ಇಲ್ಲೊಂದು ವಿಷಯ, ಎಲ್ಲರೂ ತಿಳ್ಕೊಳ್ಳಿ. ಮೋಟಾರು ವಾಹನ ಕಾಯ್ದೆಯ 200ನೇ ಸೆಕ್ಷನ್ ಪ್ರಕಾರ ಸ್ಟೇಷನ್ನಲ್ಲೋ ಮೊಬೈಲಲ್ಲೋ ನಾವು ಕಟ್ಟೋದು ರಾಜಿ ಹಣ. ತಪ್ಪಾಯ್ತು, ಇಷ್ಟಕ್ಕೆ ಮುಗಿಸಿ ಅಂತ ನಾವು ಒಪ್ಪೋದು ಅಂತ ಅರ್ಥ. ಒಪ್ಪಲೇಬೇಕು ಅಂತ ಇಲ್ಲ. ರಾಜಿ ಬೇಡ, ಕೋರ್ಟಿಗೆ ಕಳಿಸಿ ಅನ್ನಬಹುದು. ಹಾಗಂತ ಬರೆದುಕೊಟ್ಟು ಸೀಲು ಹಾಕಿಸ್ಕೊಂಡು ಬಂದ್ವಿ. ವಕೀಲರ ಫೀಸಿನ ಚಿಂತೆ ಇರ್ಲಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ವಕೀಲರನ್ನು ಉಚಿತವಾಗಿ ಕೊಡಬೇಕು, ಆದಾಯ ಎಷ್ಟಿದ್ದರೂ. ಹೆಣ್ಣುಮಕ್ಕಳಿಗೂ ಹಾಗೇ. 15100ಕ್ಕೆ ಫೋನ್ ಮಾಡಿದ್ರೆ ಎಲ್ಲಿಗೆ ಹೋಗಬೇಕು ಅಂತ ಹೇಳ್ತಾರೆ. ಅಟ್ರಾಸಿಟಿ ಕೇಸಿಗೆ ಮಾತ್ರ ಅಂತ ನಮ್ಮೋರೇ ಎಷ್ಟೋ ಜನ ತಿಳ್ಕೊಂಡಿದ್ದಾರೆ.

ಅಷ್ಟರಲ್ಲಿ ಬಂತು ಅರ್ಧ ರಿಯಾಯಿತಿ. ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಬಾಕಿ ಇರೋ ಟ್ರಾಫಿಕ್ ದಂಡ ಕಟ್ಟಿದ್ರೆ ಅರ್ಧ ಮಾಫಿ ಅಂತ ಸರ್ಕಾರ ಹೇಳ್ತು. ತಮ್ಮ ಓಡಿ ಬಂದ. "ಅಣ್ಣ, ಐನೂರು ಕಟ್ಟಿ ಕೈ ತೊಳ್ಕೊಂಡ್ಬಿಡ್ತೀನಿ." ನಾನು ಭಾಷಣ ಶುರು ಮಾಡಿದೆ. ಹಕ್ಕು, ಘನತೆ, ಬಾಬಾಸಾಹೇಬರು, ಎಲ್ಲಾ ಬಂತು. ಸಂವಿಧಾನದ 15ನೇ ವಿಧಿಯಲ್ಲಿ ಬಾವಿ, ಕೆರೆ ಜೊತೆಗೆ ರಸ್ತೆ ಅನ್ನೋ ಪದವನ್ನೂ ಸೇರಿಸಿದ್ದಾರೆ ಯಾಕೆ ಗೊತ್ತಾ ಅಂದೆ. ಅವನು ಪೂರ್ತಿ ಕೇಳಿಸ್ಕೊಂಡ. ಆಮೇಲೆ ಅಂದ, "ಅಣ್ಣ, ನಿಮಗೆ ಇದು ಹೋರಾಟ. ನನಗೆ ಒಂದು ದಿನದ ಬಾಡಿಗೆ."

ಲೆಕ್ಕ ಅವನದೇ ಸರಿ. ಕೋರ್ಟಿಗೆ ಒಂದು ದಿನ ಅಂದ್ರೆ ಅವತ್ತಿನ ದುಡಿಮೆ ಹೋಯ್ತು, ಐನೂರಕ್ಕಿಂತ ಜಾಸ್ತಿ. ಅದನ್ನ ನಾನು ಕೊಡ್ತೀನಿ ಅಂದಿದ್ದು ನನ್ನ ಎರಡನೇ ತಪ್ಪು. ಅವನ ಮುಖ ಸಣ್ಣದಾಯ್ತು. "ದೊಡ್ಡವ್ವನ್ನ ಕರ್ಕೊಂಡೋಗಿದ್ದಕ್ಕೆ ಬಾಡಿಗೆ ಇಸ್ಕೊಂಡಿದ್ನಾ ನಾನು?" ಅಂತ ಕೇಳಿ ಎದ್ದು ಹೋದ. ಐದು ದಿನ ಮಾತು ಬಿಟ್ಟ. ಆ ಐದು ದಿನ ನಾನು ಯೋಚನೆ ಮಾಡಿದ್ದು ಇದನ್ನೇ. ಆಟೋ ಅವನದು, ನೋಟಿಸು ಅವನ ಹೆಸರಿಗೆ, ನಿಲ್ಲಬೇಕಾದೋನು ಅವನು. ಸ್ಟೇಷನ್ನಲ್ಲಿ ಮಾತಾಡಿದ್ದೆಲ್ಲ ನಾನು. ಅವನ ಹತ್ರ ಮಾತಾಡಿಸಬೇಕು ಅಂತ ನನಗೆ ಹೊಳೆದೇ ಇರ್ಲಿಲ್ಲ. ಕೇರಿಯವರ ಪರವಾಗಿ ಮಾತಾಡಿ ಮಾತಾಡಿ, ಅವರಿಗೂ ಬಾಯಿದೆ ಅನ್ನೋದನ್ನ ಮರೆಯೋ ರೋಗ ನಮಗೆ ಬರುತ್ತೆ. ಸಂಘಟನೆಯ ಗೆಳೆಯರು ಬೇಜಾರು ಮಾಡ್ಕೋಬೇಡಿ, ಮೊದಲು ನನಗೇ ಹೇಳ್ಕೊಂಡಿದ್ದು.

ಆರನೇ ದಿನ ಅವನೇ ಬಂದ. ಕಟ್ಟಿರ್ಲಿಲ್ಲ. ಮೊಬೈಲಲ್ಲಿ ಆ ಫೋಟೋ ತೆಗೆದು ತೋರಿಸಿ, "ನೋಡಣ್ಣ, ಖಾಲಿ ಆಟೋ ಅದೆ. ಆವಾಗ ನಾನೆಲ್ಲಿದ್ದೆ ಅಂತ ಒಬ್ರಾದ್ರೂ ಬರ್ಕೊಳ್ಲಿ. ಆಮೇಲೆ ಬೇಕಾದ್ರೆ ಪೂರ್ತಿ ಸಾವಿರ ಕಟ್ತೀನಿ" ಅಂದ. ಎಣ್ಣೆ ಹಾಕ್ಕೊಂಡು ಮಲ್ಗಿದ್ಯಾ ಅಂದಿದ್ದು ಅವನೊಳಗೆ ಅಷ್ಟು ದಿನವೂ ಕೂತಿತ್ತು. ಅವನು ಕುಡಿಯಲ್ಲ. ಅಪ್ಪ ಕುಡಿದು ಸತ್ತ ಮನೆ ಅದು.

ಕೋರ್ಟ್ ಇದ್ದಿದ್ದು ಅಕ್ಟೋಬರಿನಲ್ಲಿ. ಉಚಿತ ಕಾನೂನು ನೆರವಿನಿಂದ ಬಂದ ವಕೀಲರು ಒಬ್ಬ ಮೇಡಂ, ಚಿಕ್ಕ ವಯಸ್ಸು, ಮಾತು ಕಡಿಮೆ. ಮೊದಲೇ ಹೇಳಿದ್ರು, ಘೋಷಣೆ ಏನೂ ಬೇಡ, ಚೀಟಿ ಮಾತಾಡ್ಲಿ ಅಂತ. ಭಾರತೀಯ ನ್ಯಾಯ ಸಂಹಿತೆಯ 19ನೇ ಸೆಕ್ಷನ್, ಹಳೇ ಐಪಿಸಿಯಲ್ಲಿ 81 ಆಗಿದ್ದಿದ್ದು, ಅದನ್ನ ವಿವರಿಸಿದ್ರು. ಕೆಟ್ಟ ಉದ್ದೇಶ ಇಲ್ಲದೆ, ದೊಡ್ಡ ಕೇಡು ತಪ್ಪಿಸೋಕೆ ಚಿಕ್ಕ ಕೇಡು ಮಾಡಿದ್ರೆ ಅದು ಅಪರಾಧ ಅಲ್ಲ. ಊರಿಗೆ ಬೆಂಕಿ ಬಿದ್ದಾಗ, ಬೆಂಕಿ ಹರಡದೇ ಇರ್ಲಿ ಅಂತ ನಡುವಿನ ಮನೆ ಕೆಡವಿದ ಹಾಗೆ. ಕಾಯ್ದೆಯಲ್ಲೇ ಆ ಉದಾಹರಣೆ ಇದೆಯಂತೆ.

ಹತ್ತೂವರೆಗೆ ಹೋದೋರನ್ನ ಕೂಗಿದ್ದು ಊಟ ಆದ್ಮೇಲೆ ಮೂರು ಗಂಟೆಗೆ. ಮ್ಯಾಜಿಸ್ಟ್ರೇಟ್ ಚೀಟಿ ನೋಡಿದ್ರು, ಸ್ಕ್ಯಾನ್ ರಿಪೋರ್ಟ್ ನೋಡಿದ್ರು. ಆಮೇಲೆ ವಕೀಲರನ್ನ ಬಿಟ್ಟು ಅವನ ಕಡೆ ನೋಡಿ, "ನೀವು ಹೇಳಿ, ಏನಾಯ್ತು?" ಅಂದ್ರು.

ನೀವು.

ತಮ್ಮ ಹೇಳಿದ. ಲೋಟ ಬಿದ್ದಿದ್ದರಿಂದ ಶುರು ಮಾಡಿ, ಗೇಟು, ಚೀಟಿ ಸಾಲು, ರಕ್ತದ ಸ್ಯಾಂಪಲ್ಲು, ಎಲ್ಲಾ. ರೋಗಿನ ಇಳಿಸಿ ಆದ್ಮೇಲೆ ಬಂದು ಗಾಡಿ ತೆಗೀಬಹುದಿತ್ತಲ್ಲ ಅಂತ ಕೇಳಿದ್ರು. "ತೆಗೀಬಹುದಿತ್ತು ಸ್ವಾಮಿ. ಸಾಲು ಬಿಟ್ಟು ಬಂದಿದ್ರೆ ಮತ್ತೆ ಕೊನೆಗೆ ನಿಲ್ಬೇಕಿತ್ತು" ಅಂದ. ನೆನಪಿರ್ಲಿಲ್ಲ ಅಂತ ಸುಳ್ಳು ಹೇಳಬಹುದಿತ್ತು, ಹೇಳ್ಲಿಲ್ಲ.

ಆ ಒಂದು ಉತ್ತರಕ್ಕೆ ನಮ್ಮ ಕೇಸು ಅರ್ಧ ಹೋಯ್ತು ಅಂತ ಮೇಡಂ ಆಮೇಲೆ ಹೇಳಿದ್ರು. ಮೊದಲ ಹತ್ತು ನಿಮಿಷ ತುರ್ತು ಅಂತ ಒಪ್ಪಬಹುದು, ಸಾಲಿನಲ್ಲಿ ನಿಂತ ಹೊತ್ತನ್ನ ತುರ್ತು ಅಂತ ಒಪ್ಪೋದು ಕಷ್ಟ. ನನಗೆ ಇವತ್ತಿಗೂ ಅರ್ಥವಾಗದೇ ಇರೋದು ಇದೇ. ಚೀಟಿ ಇಲ್ಲದೆ ಸ್ಕ್ಯಾನ್ ಇಲ್ಲ, ಸ್ಕ್ಯಾನ್ ಇಲ್ಲದೆ ಇಂಜೆಕ್ಷನ್ ಇಲ್ಲ. ಕಾರು ಒಳಗೆ ಬಿಡಿಸ್ಕೊಂಡು, ಪರಿಚಯದ ಡಾಕ್ಟರಿಗೆ ಫೋನ್ ಮಾಡೋನಿಗೆ ಸಾಲೇ ಇರಲ್ಲ. ಸಾಲಿನಲ್ಲಿ ನಿಲ್ಲೋನ ತುರ್ತು ಮಾತ್ರ ಹತ್ತು ನಿಮಿಷಕ್ಕೆ ಮುಗಿದುಹೋಗುತ್ತೆ.

ಕೊನೆಗೆ ದಂಡ ಹಾಕ್ಲಿಲ್ಲ, ಎಚ್ಚರಿಕೆ ಕೊಟ್ಟು ಬಿಟ್ಟರು. ತಪ್ಪೇ ಇಲ್ಲ ಅಂತ ಬಿಟ್ಟಿದ್ದಲ್ಲ, ತಪ್ಪಿದೆ ಆದರೆ ಹೋಗಿ ಅಂತ ಬಿಟ್ಟಿದ್ದು. ಗೆದ್ದು ಬಂದ್ವಿ ಅಂತ ಬರೆದ್ರೆ ನಿಮಗೂ ಖುಷಿ, ನನಗೂ ಖುಷಿ, ಆದ್ರೆ ಅದು ನಿಜ ಅಲ್ಲ. ನಾನು ಮೇಲ್ಮನವಿ ಹೋಗೋಣ ಅಂತ ಬಾಯಿ ತೆಗೆದೆ. ತಮ್ಮನ ಮುಖ ನೋಡಿ ಮುಚ್ಕೊಂಡೆ. ಅವನಿಗೆ ಬೇಕಾಗಿದ್ದು ಸಿಕ್ಕಿತ್ತು. ರೋಗಿಯನ್ನು ದಾಖಲಿಸಲು ಚಾಲಕ ಆಸ್ಪತ್ರೆಯೊಳಗೆ ಇದ್ದನೆಂದು ದಾಖಲೆಗಳಿಂದ ಕಂಡುಬರುತ್ತದೆ ಅನ್ನೋ ಅರ್ಥದ ಒಂದು ಸಾಲು ಆದೇಶದಲ್ಲಿತ್ತು. ನಕಲು ಪ್ರತಿಗೆ ಅರ್ಜಿ ಹಾಕಿ ತಗೊಂಡ. ಅದು ಈಗ ಇನ್ಶೂರೆನ್ಸ್ ಪೇಪರ್ ಜೊತೆ ಪ್ಲಾಸ್ಟಿಕ್ ಕವರಲ್ಲಿ ಆಟೋದಲ್ಲೇ ಇದೆ. ಅವ್ವನಿಗೆ ಓದಿ ಹೇಳು ಅಂತ ನನ್ನ ಕೈಲಿ ಎರಡು ಸಲ ಓದಿಸಿದ. ಎರಡನೇ ಸಲ ಅವ್ವ, "ನಿನ್ ಹೆಸ್ರು ಎಲ್ಲಿ ಬರೆದವ್ರೆ ತೋರ್ಸು" ಅಂತ ಎಡಗೈ ಬೆರಳಲ್ಲಿ ಮುಟ್ಟಿ ನೋಡಿದ್ಲು. ಅವಳಿಗೆ ಓದೋಕೆ ಬರಲ್ಲ.

ಆಸ್ಪತ್ರೆಗೆ ನಾನು ಒಂದು ಆರ್‌ಟಿಐ ಹಾಕಿದ್ದೀನಿ. ಒಳಗೆ ಎಷ್ಟು ಗಾಡಿಗೆ ಜಾಗ ಇದೆ, ಅದು ಯಾರ್ಯಾರಿಗೆ, ರೋಗಿ ಇರೋ ಆಟೋವನ್ನ ಕ್ಯಾಶುಯಲ್ಟಿ ಬಾಗಿಲ ತನಕ ಬಿಡಬಾರದು ಅಂತ ಯಾವ ಆದೇಶದಲ್ಲಿದೆ, ಆ ಆದೇಶದ ಪ್ರತಿ ಕೊಡಿ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು, ಬಂದಿಲ್ಲ. ಮೊದಲ ಮೇಲ್ಮನವಿ ಬರೆದಿಟ್ಟಿದ್ದೀನಿ, ಸೋಮವಾರ ಕೊಡ್ತೀನಿ. ನಿನ್ನೆ ಸಂಜೆ ಬರೀತಾ ಕೂತಿದ್ದಾಗ ತಮ್ಮ ಬಂದು, ನಂದೂ ಸಹಿ ಬೇಕಾ ಅಣ್ಣ ಅಂತ ಕೇಳಿದ. ಬೇಡ, ನೀನು ಬಾಡಿಗೆ ನೋಡ್ಕೋ, ಇದು ನನ್ನ ಹೆಸರಲ್ಲಿರ್ಲಿ ಅಂದೆ.