ಮೊದಲು ಕೂಸಿನ ಹೆಸರು, ಆಮೇಲೆ ರೋಗದ ಹೆಸರು

ನಮ್ಮ ಮಗಳಿಗೆ ಈಗ ನಾಲ್ಕು ತಿಂಗಳು. ತೂಕ 3 ಕೆ.ಜಿ. 900 ಗ್ರಾಂ. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ದೊಡ್ಡದೊಂದು ರಂಧ್ರವಿದೆ. ಅವಳನ್ನು ನೋಡಲು ಬಂದವರಲ್ಲಿ ಹೆಚ್ಚಿನವರು ಮೊದಲು ಕೇಳುವುದು, "ಡಾಕ್ಟರ್ ಏನಂದ್ರು?" ಹೆಸರೇನು ಎಂದು ಕೇಳುವವರು ಕಡಿಮೆ. ಆ ಹೆಸರನ್ನು ನಾವು ಯಾವಾಗ, ಯಾಕೆ ಇಟ್ಟೆವು ಎಂಬುದನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇವೆ.

ನಮ್ಮ ಸಂಸಾರ ಮೂರು ತಾಲ್ಲೂಕುಗಳಲ್ಲಿ ಹರಡಿದೆ. ಗಂಡನ ಮನೆ ಆಳಂದ, ತವರು ಜೇವರ್ಗಿ, ನಮ್ಮನ್ನು ಎತ್ತಿ ಆಡಿಸಿದ ದೊಡ್ಡವ್ವ ಇರುವುದು ಅಫಜಲಪುರದಲ್ಲಿ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕೆಂದು ಜೇವರ್ಗಿಯಲ್ಲಿದ್ದೆವು. ಎಂಟನೇ ತಿಂಗಳಿಗೇ ಹೆರಿಗೆಯಾಯಿತು. ಕೂಸು 1 ಕೆ.ಜಿ. 700 ಗ್ರಾಂ ಇತ್ತು, ಉಸಿರಾಟ ಸರಿ ಇರಲಿಲ್ಲ. 108 ವಾಹನ ಭೀಮಾ ನದಿಯ ಸೇತುವೆ ದಾಟಿ ಕಲಬುರಗಿಗೆ ಬಂತು. ನವಜಾತ ಶಿಶುಗಳ ವಿಶೇಷ ಘಟಕದಲ್ಲಿ ಮಲಗಿಸಿದರು. ಮೂರನೇ ದಿನ ವೈದ್ಯರು ಎದೆಯ ಸದ್ದು ಕೇಳಿ ಎಕೋ ಮಾಡಿಸಿದರು. ಆಗ ರಂಧ್ರದ ವಿಷಯ ತಿಳಿಯಿತು.

"ಸಂಬಂಧದಾಗ ಮದುವಿ ಆಗೀರೇನ್ರಿ?" ಎಂದು ವೈದ್ಯರು ಕೇಳಿದರು. ಇಲ್ಲ ಎಂದೆವು. ಹುಟ್ಟುವ ಸಾವಿರ ಮಕ್ಕಳಲ್ಲಿ ಸುಮಾರು 8ರಿಂದ 9 ಮಕ್ಕಳಿಗೆ ಹೃದಯದ ಯಾವುದಾದರೊಂದು ದೋಷ ಇರುತ್ತದೆ, ಬಹಳಷ್ಟು ಸಲ ಇಂಥದ್ದೇ ಕಾರಣ ಎಂದು ಹೇಳಲಾಗದು ಎಂದರು. ಸಣ್ಣ ರಂಧ್ರವಾದರೆ ತಾನಾಗಿಯೇ ಮುಚ್ಚಿಕೊಳ್ಳಬಹುದು, ಇದು ದೊಡ್ಡದು. ಔಷಧಿ ಕೊಡುತ್ತಾ ತೂಕ ಹೆಚ್ಚಿಸಿ, ಆಮೇಲೆ ಆಪರೇಷನ್ ಮಾಡಬೇಕು ಎಂದರು.

ಐದನೇ ರಾತ್ರಿ ಸಟವಿ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ ಎಂಬ ನಂಬಿಕೆ ನಮ್ಮ ಊರುಗಳಲ್ಲಿದೆ. ನಾವು ಕ್ರೈಸ್ತರು, ಆ ಪೂಜೆ ಮಾಡುವುದಿಲ್ಲ. ಆದರೂ ಆ ರಾತ್ರಿ ಆಸ್ಪತ್ರೆಯ ಕಾರಿಡಾರಿನಲ್ಲಿ ಕುಳಿತು ನಾವೂ ಅದನ್ನೇ ಯೋಚಿಸುತ್ತಿದ್ದೆವು: ಇದರ ಹಣೆಯಲ್ಲಿ ಏನಿದೆ? ಯಾರ ಪಾಪಕ್ಕೆ ಇದು? ಹುಟ್ಟು ಕುರುಡನನ್ನು ತೋರಿಸಿ ಶಿಷ್ಯರು ಇದೇ ಪ್ರಶ್ನೆ ಕೇಳಿದ್ದು ಯೋಹಾನನ ಸುವಾರ್ತೆಯಲ್ಲಿದೆ. ಅವನದೂ ಅಲ್ಲ, ತಂದೆತಾಯಿಯದೂ ಅಲ್ಲ ಎಂದು ಯೇಸು ಹೇಳಿದ. ಚಿಕ್ಕಂದಿನಿಂದ ಭಾನುವಾರದ ಶಾಲೆಯಲ್ಲಿ ಕೇಳಿದ ಕಥೆ ಅದು. ಅಂದು ನಮಗಾಗಿಯೇ ಹೇಳಿದಂತಿತ್ತು.

ಹೆಸರಿನ ಮಾತು ಬಂದಿದ್ದು ಮರುದಿನ. ಕೂಸಿನ ಕಾಲಿಗೆ ಕಟ್ಟಿದ ಪಟ್ಟಿಯಲ್ಲಿ 'ಬೇಬಿ' ಎಂದೂ ತಾಯಿಯ ಹೆಸರೂ ಇತ್ತು, ಅಷ್ಟೇ. ಗರ್ಭದಲ್ಲಿದ್ದಾಗಲೇ ನಾವು ಒಂದು ಹೆಸರು ಆರಿಸಿಟ್ಟಿದ್ದೆವು. ಅಫಜಲಪುರದಿಂದ ಬಂದಿದ್ದ ದೊಡ್ಡವ್ವ ತಡೆದಳು. "ಉಳೀತದೋ ಇಲ್ಲೋ ಗೊತ್ತಿಲ್ಲ, ಹೆಸ್ರು ಇಟ್ರ ಮಾಯಿ ಹೆಚ್ಚಾಗ್ತದ. ಸ್ವಲ್ಪ ತಡೀರಿ ತಂಗಿ." ಅವಳೂ ಒಂದು ಕೂಸನ್ನು ಮಣ್ಣಿಗೆ ಕೊಟ್ಟವಳು. ಆ ಕೂಸಿಗೆ ಹೆಸರಿರಲಿಲ್ಲ. ಅವಳ ಮಾತಿನಲ್ಲಿ ಕಠೋರತನವಿರಲಿಲ್ಲ, ನಮ್ಮ ಮೇಲಿನ ಕರುಣೆ ಇತ್ತು.

ಆದರೆ ನಮಗೆ ಹಾಗೆ ತಡೆಯಲು ಆಗಲಿಲ್ಲ. ಉಳಿದರೆ ಮಾತ್ರ ನಮ್ಮ ಮಗಳು ಎನ್ನುವುದು ಹೇಗೆ? ದೇವರು ನಮ್ಮನ್ನು ಹೆಸರು ಹಿಡಿದು ಕರೆಯುತ್ತಾನೆ ಎಂದು ನಂಬಿದವರು, ಹೆಸರಿಡಲು ಡಾಕ್ಟರ ರಿಪೋರ್ಟಿಗೆ ಕಾಯಬೇಕೇ? ನಮ್ಮ ಸಭೆಯ ಅಯ್ಯನವರು ಆಳಂದದಿಂದ ಬಂದರು. ಒಳಗೆ ಹೋಗಲು ಅವರಿಗೆ ಅವಕಾಶವಿರಲಿಲ್ಲ. ಗಾಜಿನ ಈಚೆ ನಿಂತು, ಹೆಸರು ಹೇಳಿ ಪ್ರಾರ್ಥಿಸಿದರು. ದೊಡ್ಡವ್ವನೂ ಆ ಹೆಸರನ್ನು ಮೆಲ್ಲಗೆ ಒಮ್ಮೆ ಹೇಳಿದಳು. ಆಮೇಲೆ ನಿಲ್ಲಿಸಲೇ ಇಲ್ಲ.

ಒಳಗೆ ಕಾಂಗರೂ ಆರೈಕೆ ಕಲಿಸಿದರು. ಕೂಸನ್ನು ಬಟ್ಟೆಯಿಲ್ಲದ ಎದೆಗೆ ಒರಗಿಸಿ ಗಂಟೆಗಟ್ಟಲೆ ಇಟ್ಟುಕೊಳ್ಳಬೇಕು. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ, ಇನ್‌ಕ್ಯುಬೇಟರ್ ಸಾಲದೆ ಶುರುವಾದ ಪದ್ಧತಿ ಇದು. ಅಪ್ಪನೂ ಇಟ್ಟುಕೊಳ್ಳಬಹುದು ಎಂದು ಸಿಸ್ಟರ್ ಹೇಳಿದಾಗ ನಾವು ಸರದಿ ಮಾಡಿಕೊಂಡೆವು. ಪ್ರಾರ್ಥನೆಗೆ ಮಾತೇ ಹೊರಡದ ದಿನಗಳಲ್ಲಿ ಆ ಉಸಿರು ಎಣಿಸುವುದೇ ನಮ್ಮ ಪ್ರಾರ್ಥನೆ. ಹೊರಗೆ ಸಭೆಯ ತಾಯಂದಿರು ಸರದಿಯಲ್ಲಿ ರೊಟ್ಟಿ, ಪುಂಡಿ ಪಲ್ಯ, ಅಂಟಿನುಂಡಿ ಕಳಿಸುತ್ತಿದ್ದರು.

ಬೇರೆಯವರೂ ಬಂದರು. ಆಳಂದದ ಪಕ್ಕದ ಮನೆಯ ಚಾಚಿ ಲಾಡ್ಲೆ ಮಶಾಕ ದರ್ಗಾಕ್ಕೆ ಹೋಗಿ ದುವಾ ಮಾಡಿದಳು. ದೊಡ್ಡವ್ವನ ಓಣಿಯವರು ಗಾಣಗಾಪುರದ ದತ್ತನಿಗೆ ಹರಕೆ ಹೊತ್ತರು. ನಾವು ದಾರ ಕಟ್ಟಿಸಲಿಲ್ಲ, ಹರಕೆ ತೀರಿಸಲು ಹೋಗಲಿಲ್ಲ. ಆದರೆ ನಮ್ಮ ಕೂಸಿಗಾಗಿ ಕೈಮುಗಿದ ಅವರನ್ನು ಮರೆಯುವುದಿಲ್ಲ.

ನೋವಾಗಿದ್ದು ನಮ್ಮವರದೇ ಮಾತಿನಿಂದ. ಪ್ರಾರ್ಥನೆಗೆ ಬಂದ ಒಬ್ಬ ಹಿರಿಯರು, "ಆಪರೇಷನ್ ಮಾಡಸ್ತೀವಿ ಅಂದ್ರ ನಂಬಿಕಿ ಇಲ್ಲ ಅಂದಂಗ ಆತು. ಎಣ್ಣಿ ಹಚ್ಚಿ ಬಿಡ್ರಿ" ಎಂದರು. ಈ ಭಾಗಕ್ಕೆ ಸುವಾರ್ತೆ ತಂದ ಮೆಥೋಡಿಸ್ಟ್ ಮಿಷನ್‌ನವರೇ ಬೀದರ್‌ನಲ್ಲಿ, ಯಾದಗಿರಿಯಲ್ಲಿ ಆಸ್ಪತ್ರೆ ಕಟ್ಟಿದವರು. ಸುವಾರ್ತೆ ಬರೆದ ಲೂಕನೂ ವೈದ್ಯ. ನಾವು ಎಣ್ಣೆಯನ್ನೂ ಹಚ್ಚಿದೆವು, ಔಷಧಿಯ ಒಂದು ಹನಿಯನ್ನೂ ತಪ್ಪಿಸಲಿಲ್ಲ. ವಾಸಿಯಾಗುತ್ತದೆ ಎಂಬ ಭರವಸೆಯನ್ನು ನಂಬಿಕೆ ನಮಗೆ ಕೊಟ್ಟಿಲ್ಲ. ಏನೇ ಆದರೂ ಇವಳು ಬೇಡವಾದವಳಲ್ಲ ಎಂಬ ಧೈರ್ಯ ಕೊಟ್ಟಿದೆ.

ಇದನ್ನು ಓದುವ ಹಳ್ಳಿಯ ತಂದೆತಾಯಿಯರಿಗೆ ಕೆಲವು ಮಾತು. ಹಾಲು ಕುಡಿಯುವಾಗ ಕೂಸು ಬೇಗ ದಣಿದರೆ, ತಲೆ ಬೆವರಿದರೆ, ಪಕ್ಕೆ ಎಳೆದುಕೊಂಡು ಉಸಿರಾಡಿದರೆ, ತೂಕ ಏರದಿದ್ದರೆ, ತುಟಿ ನೀಲಿಯಾದರೆ ತಡಮಾಡಬೇಡಿ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 42 ದಿನಗಳೊಳಗೆ ಆರು ಸಲ ಬರಬೇಕು, ಆಕೆಗೆ ಹೇಳಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದೊಳಗಿನವರ ಹುಟ್ಟು ಹೃದಯದೋಷದ ಚಿಕಿತ್ಸೆಗೆ ಸರ್ಕಾರದ ನೆರವಿದೆ. ನಮ್ಮ ಕಾಗದಪತ್ರಗಳು ಆ ದಾರಿಯಲ್ಲೇ ಸಾಗಿದವು. ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಗಿದೆ.

ನಮಗೆ ಬೆಂಗಳೂರಿನಲ್ಲಿ ದಿನ ಕೊಟ್ಟಿದ್ದಾರೆ. ಮುಂದಿನ ವಾರ ಉದ್ಯಾನ ಎಕ್ಸ್‌ಪ್ರೆಸ್ ಹತ್ತುತ್ತೇವೆ. ದೊಡ್ಡವ್ವನೂ ಬರುತ್ತೇನೆ ಎಂದು ಚೀಲ ಕಟ್ಟಿಕೊಂಡು ಕುಳಿತಿದ್ದಾಳೆ. ಭಯವಿದೆ, ಸುಳ್ಳು ಹೇಳುವುದಿಲ್ಲ. ನಿಮ್ಮ ಊರಲ್ಲಿ ಇಂಥ ಕೂಸು ಹುಟ್ಟಿದರೆ ನೋಡಲು ಹೋಗಿ. ಮೊದಲು ಅದರ ಹೆಸರು ಕೇಳಿ.