ನೀರುಗಂಟಿ ಇಲ್ಲದ ತೂಬು

ಕ್ಯಾನ್ಸರ್ ಅಂತ ಅಣ್ಣನ ಅನ್ನನಾಳ ತೆಗೆದು ವರ್ಷ ಆಯ್ತು ಸ್ನೇಹಿತರೇ. ಜಠರವನ್ನೇ ಕೊಳವೆ ಮಾಡಿ ಎದೆಯೊಳಗೆ ಮೇಲಕ್ಕೆ ಎಳೆದು ಜೋಡಿಸಿದ್ದಾರೆ. ಈ ಆಪರೇಷನ್ನಿನಲ್ಲಿ ವೇಗಸ್ ನರವೂ ಹೋಗುತ್ತೆ. ಅಂದ್ರೆ ತೂಬು ಇದೆ, ನೀರುಗಂಟಿ ಇಲ್ಲ.

ಅಣ್ಣ ಉಂಡದ್ದು ಬಾಯಿಗೆ ಬರ್ತಿತ್ತು, ತೂಕ ಇಳೀತಿತ್ತು. ಕಾಯಿಲೆ ಮರಳಿತೇನೋ ಅಂತ ಅತ್ತಿಗೆ ನಿದ್ದೆ ಬಿಟ್ಟಿದ್ರು. ಎಂಡೋಸ್ಕೋಪಿಯಲ್ಲಿ ಗಡ್ಡೆ ಕಾಣಲಿಲ್ಲ. ಆಮೇಲೆ ಇಡ್ಲಿಯಲ್ಲಿ ಟೆಕ್ನೀಷಿಯಂ ಬೆರೆಸಿ ತಿನ್ನಿಸಿ, ಗಾಮಾ ಕ್ಯಾಮೆರಾದಲ್ಲಿ 4 ಗಂಟೆವರೆಗೆ ಆಗಾಗ ಚಿತ್ರ ತೆಗೆದ್ರು. ಮಾಮೂಲಿ ಜಠರದಲ್ಲಿ ಅಷ್ಟೊತ್ತಿಗೆ 10%ಗಿಂತ ಹೆಚ್ಚು ಉಳಿಯಲ್ಲ. ಅಣ್ಣನಿಗೆ ಅರ್ಧ ಎದೆಯಲ್ಲೇ ಇತ್ತು.

ಬಲೂನಿನಿಂದ ಜಠರದ ಬಾಗಿಲು ಹಿಗ್ಗಿಸಿದ್ರು. ಈಗ ದಿನಕ್ಕೆ 6 ಸಲ ಸ್ವಲ್ಪಸ್ವಲ್ಪ ಊಟ. ಉಂಡ ಕೂಡಲೇ ಮಲಗೋ ಹಾಗಿಲ್ಲ. ಇಂಥವರು ನಿಮ್ಮನೇಲಿದ್ರೆ “ಇನ್ನೊಂದು ತುತ್ತು” ಅಂತ ಬಲವಂತ ಮಾಡಬೇಡಿ.